ಕಲೋನಿನ ಮೆಟ್ಟಿಲ ಮೇಲೆ ನಾನು ಕಂಡದ್ದು

ನಾನು ನಿಂತಿದ್ದುದು ಪಶ್ಚಿಮ ಜರ್ಮನಿಯ ಕಲೋನ್ ನಗರದಲ್ಲಿ, ರೈಲ್ವೆ ಸ್ಟೇಷನ್ನಿನ ಕಡೆಯಿಂದ ದೊಡ್ಡ ಚರ್ಚಿನ ಅಂಗಳಕ್ಕೆ ಹತ್ತಿಹೋಗುವ ಅಗಲವಾದ ಕಲ್ಲಿನ ಮೆಟ್ಟಿಲುಗಳ ಮೇಲೆ, ಸುಮಾರು ಅರ್ಧ ಎತ್ತರದಲ್ಲಿ, ಕಬ್ಬಿಣದ ಕಂಬಿಯ ಪಕ್ಕ. ಸಾವಿರದ ಒಂಬೈನೂರ ಎಂಬತ್ತೊಂದನೆಯ ಇಸವಿ, ಅಕ್ಟೋಬರ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಮೂರೂವರೆ ದಾಟಿತ್ತು. ಸಣ್ಣಗೆ ಹನಿಯತೊಡಗಿತ್ತು. ನನಗಿಂತ ಎರಡು ಮೆಟ್ಟಿಲು ಮೇಲೆ ಗುಬ್ಬಿಯವರು ಕೂತಿದ್ದರು. ಅವರ ಎದುರಿಗೆ ತುಮಕೂರಿನವನು ನಿಂತಿದ್ದ. ಅವನ ಮುಖದ ಬಲಭಾಗವೂ ಎರಡು ಕೈಗಳೂ ನನಗೆ ಕಾಣುತ್ತಿದ್ದವು. ನಡುವೆ ಯಾರೂ ಅಡ್ಡ ಇರಲಿಲ್ಲ.

ಇಷ್ಟನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಆ ಮೆಟ್ಟಿಲ ಮೇಲೆ ನಡೆದದ್ದಕ್ಕೆ ನಮ್ಮ ಕಡೆ ಈಗ ಎರಡು ಬಗೆಯ ಕಥೆಗಳು ಓಡಾಡುತ್ತಿವೆ. ಎರಡನ್ನೂ ಹೇಳುವವರು ಅಲ್ಲಿರಲಿಲ್ಲ. ನಾನಿದ್ದೆ.

ನಾವು ಮೂವರೂ ಆಗ ತುಮಕೂರಿನ ಹೊರಗಿದ್ದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆವು. ಗಿಯರ್ ಚಕ್ರಗಳ ಹಲ್ಲು ಕತ್ತರಿಸುವ ಹೊಸ ಮೆಷಿನ್ನೊಂದನ್ನು ಕಾರ್ಖಾನೆಯವರು ಜರ್ಮನಿಯಿಂದ ತರಿಸುವವರಿದ್ದರು. ಅದನ್ನು ಬಿಚ್ಚಿ ಕೂಡಿಸುವುದನ್ನು ಕಲಿತು ಬನ್ನಿ ಎಂದು ನಮ್ಮನ್ನು ಆರು ವಾರದ ಮಟ್ಟಿಗೆ ಕಳಿಸಿದ್ದರು. ಕಲೋನಿಗೆ ರೈಲಿನಲ್ಲಿ ಒಂದು ಗಂಟೆ ದೂರದ ಚಿಕ್ಕ ಊರಿನಲ್ಲಿ ನಮ್ಮ ವಾಸ. ನಮ್ಮ ಮೆಷಿನ್ ಶಾಪಿನಲ್ಲಿ ಹೆಸರು ಹಿಡಿದು ಕರೆಯುವ ರೂಢಿ ಕಡಿಮೆ, ಊರೇ ಹೆಸರು. ಫೋರ್‌ಮನ್ನರು ಗುಬ್ಬಿಯವರು, ಐವತ್ತು ದಾಟಿದವರು. ನಾವಿಬ್ಬರು ಅವರನ್ನು ‘ಯಜಮಾನ್ರೇ’ ಎನ್ನುತ್ತಿದ್ದೆವು. ನನ್ನದು ಮಾರ್ಕೋನಹಳ್ಳಿ ನಾಲೆಯ ಕೆಳಗಿನ ಹಳ್ಳಿ, ಆದ್ದರಿಂದ ನಾನು ‘ಕುಣಿಗಲ್ಲು’. ಕುದುರೆ ಫಾರಂ ಇರುವ ಊರೆಂದು, ಯಜಮಾನರಿಗೆ ಬೇಸರವಾದಾಗ ‘ಕುಣಿಗಲ್ ಕುದ್ರೆ’. ಮೂರನೆಯವನು ಮಂಡಿಪೇಟೆಯ ಚಪ್ಪಲಿ ಅಂಗಡಿಯ ಮನೆಯ ಹುಡುಗ, ನನ್ನದೇ ವಯಸ್ಸು, ಮುಸಲ್ಮಾನ. ಯಜಮಾನರು ಅವನನ್ನು ಒಮ್ಮೆ ‘ತುಮ್ಕೂರು’, ಒಮ್ಮೆ ‘ಸಾಬ್ರೇ’ ಎನ್ನುತ್ತಿದ್ದರು. ಅವನು ನಗುತ್ತಿದ್ದ.

ಗುಬ್ಬಿಯವರು ಲಿಂಗ ಕಟ್ಟಿದವರು. ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗವಿಟ್ಟು ಶಿವದಾರದಲ್ಲಿ ಕೊರಳಿಗೆ ಹಾಕಿಕೊಂಡು, ಅಂಗಿಯ ಮೇಲೆ, ಕೋಟಿನ ಒಳಗೆ ಎಡಗಡೆಗೆ ಬರುವಂತೆ ಬಿಡುತ್ತಿದ್ದರು. ಬೆಳಗ್ಗೆ ಅಂಗೈ ಮೇಲಿಟ್ಟು ಪೂಜೆಯಾಗದೆ ಅವರ ಗಂಟಲಲ್ಲಿ ನೀರಿಳಿದದ್ದನ್ನು ನಾನು ಕಂಡಿಲ್ಲ. ಮಧ್ಯಾಹ್ನ ಕ್ಯಾಂಟೀನಿನಲ್ಲೂ ಮೊದಲ ತುತ್ತಿಗೆ ಮುಂಚೆ ಎದೆಯ ಎಡಗಡೆ ಕೈಯಿಟ್ಟು ಕರಡಿಗೆ ಮುಟ್ಟಿ ಕಣ್ಣು ಮುಚ್ಚುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು. ದಿನವೂ ಬೆಳಗ್ಗೆ ತಾವೇ ತೊಡೆಗೆ ಇಂಜೆಕ್ಷನ್ ಚುಚ್ಚಿಕೊಳ್ಳುತ್ತಿದ್ದರು. ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು. ಒಮ್ಮೆ ಕ್ಯಾಂಟೀನಿನ ಊಟ ತಡವಾಗಿ, ಮೆಷಿನ್ನಿನ ಪಕ್ಕದಲ್ಲೇ ಕುಸಿದು ಬಿದ್ದಿದ್ದರು. ಬೀಳುವ ಮುಂಚೆ ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು, ಮಾತು ತೊದಲಿತ್ತು, ಕಾರಣವಿಲ್ಲದೆ ಒಬ್ಬನನ್ನು ಬೈದಿದ್ದರು. ಡಾಕ್ಟರು ಬಂದು, ಇನ್ನು ಸ್ವಲ್ಪ ಹೊತ್ತು ಸಕ್ಕರೆ ಬಾಯಿಗೆ ಬೀಳದಿದ್ದರೆ ಜೀವ ಹೋಗುತ್ತಿತ್ತು ಎಂದಿದ್ದರು.

ನಾವು ಹೊರಡುವ ಹಿಂದಿನ ವಾರ ಗುಬ್ಬಿಯ ಅವರ ಮನೆಗೆ ಹೋದಾಗ ಅವರ ಹೆಂಡತಿ ನನ್ನನ್ನು ಅಡುಗೆಮನೆ ಬಾಗಿಲಿಗೆ ಕರೆದರು.

“ಅಲ್ಲಿ ಕೆಲ್ಸ ಕಲೀರಿ, ಬುಡಿ, ನಂಗದು ಗೊತ್ತಾಗಲ್ಲ. ಹೊತ್ತಿಗೆ ಸರ್ಯಾಗಿ ಉಣ್ಣಾಕಿಕ್ಕು ಕಣಪ್ಪ. ಅಷ್ಟು ಮಾಡು ನೀನು.”

“ಆಯ್ತಕ್ಕ.”

“ಆಯ್ತಕ್ಕ ಅಂತ ತಲೆ ಆಡಿಸ್ಬೇಡ. ಅವ್ರು ಹಟ ಮಾಡುದ್ರೆ ಮೂಗು ಹಿಡ್ದು ತಿನ್ಸು.”

ದೇವಸ್ಥಾನಕ್ಕೆ ಹೋದಾಗ ಕಳಚಿದ ಚಪ್ಪಲಿಯನ್ನು ಹಾಕಿ ಹೆಗಲಿಗೆ ನೇತುಹಾಕಿಕೊಳ್ಳಲು ಹಳೆಯ ಪರದೆ ಬಟ್ಟೆಯಲ್ಲಿ ತಾವೇ ಹೊಲಿದ ಒಂದು ಹಸಿರು ಚೀಲವನ್ನು ಆಕೆ ಗಂಡನ ಪೆಟ್ಟಿಗೆಯಲ್ಲಿಟ್ಟಿದ್ದರು. ಜರ್ಮನಿಯಲ್ಲಿ ಇದೇಕೆ ಎಂದು ನಾನು ಕೇಳಿದೆ. “ಅಲ್ಲೂ ದೇವ್ರಿರಲ್ವೇನೋ?” ಎಂದರು.

ಆ ಶನಿವಾರ ನಮಗೆ ರಜೆ. ಕಲೋನನ್ನು ನಿಧಾನವಾಗಿ ನೋಡಿ, ಒಂದು ಒಳ್ಳೆಯ ಹೋಟೆಲಿನಲ್ಲಿ ಕೂತು ಊಟ ಮಾಡಿ, ಸಂಜೆಯ ರೈಲಿಗೆ ವಾಪಸಾಗುವುದು ಎಂದು ವಾರದಿಂದಲೇ ಮಾತಾಗಿತ್ತು. ಯಜಮಾನರು ಸ್ನಾನ, ಪೂಜೆ ಮುಗಿಸಿ ಇಂಜೆಕ್ಷನ್ ತೆಗೆದುಕೊಂಡು, ಬ್ರೆಡ್ಡು ಹಾಲು ಮುಗಿಸಿದರು. ಅವರು ಕಾಯಿಸಿದ ನೀರಿನ ಫ್ಲಾಸ್ಕು ನನ್ನ ಹೆಗಲಿಗೆ ಬಂತು. ಆ ಬೆಳಗ್ಗೆ ಇನ್ನೊಂದನ್ನೂ ನಾನು ನೋಡಿದ್ದೆ. ಅವರ ಹತ್ತಿಯ ಶಿವದಾರ ಆ ಊರಿನ ಚಳಿಯಲ್ಲಿ ಒಣಗದೆ, ನೆನೆದು ನೆನೆದು ಎಳೆ ಬಿಟ್ಟಿತ್ತು. ಅದನ್ನು ಬಿಚ್ಚಿ, ಮೆಷಿನ್ನಿನ ಪ್ಯಾಕಿಂಗಿಗೆ ಸುತ್ತಿ ಬಂದಿದ್ದ ಬಿಳಿಯ ನೈಲಾನ್ ದಾರವನ್ನು ಕರಡಿಗೆಗೆ ಕಟ್ಟಿದ್ದರು.

“ಆನೆ ಕಟ್ಟಿದ್ರೂ ಹರಿಯಲ್ಲ ನೋಡು ಇದು,” ಎಂದರು. ಹರಿಯುವುದಿಲ್ಲ ಎನ್ನುವುದು ನಿಜವೇ ಆಗಿತ್ತು.

ಸ್ಟೇಷನ್ನಿನಿಂದ ಹೊರಬಂದರೆ ಎದುರಿಗೇ ಚರ್ಚು. ಕಪ್ಪಾದ ಕಲ್ಲು, ತಲೆಯೆತ್ತಿ ನೋಡಿದರೆ ಟೋಪಿ ಬೀಳುವಷ್ಟು ಎತ್ತರ. ಮೆಟ್ಟಿಲು ಹತ್ತಿದ ಮೇಲೆ ಯಜಮಾನರು ಕೊನೆಯ ಮೆಟ್ಟಿಲಲ್ಲಿ ಕೂತು ಬೂಟಿನ ದಾರಕ್ಕೆ ಕೈ ಹಾಕಿದರು.

“ಯಜಮಾನ್ರೇ, ಇಲ್ಲಿ ಯಾರೂ ಬಿಡಲ್ಲ,” ಎಂದೆ. ಜನ ಬೂಟು ಹಾಕಿಕೊಂಡೇ ಒಳಗೆ ಹೋಗಿ ಬರುತ್ತಿದ್ದರು.

“ಅವ್ರು ಬಿಡ್ದಿದ್ರೆ ಅವ್ರ ದೇವ್ರು ಅವ್ರನ್ನ ಕೇಳ್ಕತಾನೆ. ನಮ್ಮನ್ನ ಕೇಳುದ್ರೆ ಏನೇಳ್ಲಿ? ಬಿಡ್ಲಾ.”

ತುಮಕೂರಿನವನು ಆಗಲೇ ಕೂತು ಬಿಚ್ಚುತ್ತಿದ್ದ. “ಅದೊಂದ್ರಲ್ಲಿ ನಾನು ಯಜಮಾನ್ರ ಪಾರ್ಟಿ. ದೇವ್ರ ಮನೆಗೆ ನಮ್ಮಂಗ್ಡಿ ಮಾಲು ಹಾಕ್ಕೊಂಡು ಹೋದ್ರೆ ನಮ್ಮಪ್ಪ ಒದೀತಾರೆ.”

ಯಜಮಾನರು ಹಸಿರು ಚೀಲವನ್ನು ಕಾಲುಗಳ ನಡುವೆ ಬಾಯಿ ತೆರೆದಿಟ್ಟು, ಕೋಟಿನ ಗುಂಡಿ ಬಿಚ್ಚಿ, ಬಾಗಿ, ಮೂರೂ ಜೊತೆ ಬೂಟುಗಳನ್ನು ಒಂದೊಂದಾಗಿ ಅದರೊಳಗೆ ಜೋಡಿಸಿದರು. ಎದ್ದು ಕೋಟಿನ ಗುಂಡಿ ಹಾಕಿಕೊಂಡರು. ಚೀಲವನ್ನು ತುಮಕೂರಿನವನು ಹೆಗಲಿಗೆ ಹಾಕಿಕೊಂಡ. ನಾನು ಆಗ ಗೋಪುರ ನೋಡುತ್ತಿದ್ದೆ. ಆದ್ದರಿಂದ ಅವರು ಬಾಗಿದಾಗ ಏನಾಯಿತೆಂಬುದನ್ನು ಕಂಡೆನೆಂದು ಹೇಳಲಾರೆ. ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಒಳಗೆ ಕಾಲುಚೀಲದಲ್ಲಿ ನಡೆದೆವು. ಕಲ್ಲಿನ ನೆಲ ಮಂಜುಗಡ್ಡೆಯಂತೆ ತಣ್ಣಗಿತ್ತು. ಕೆಂಪು ನಿಲುವಂಗಿ ತೊಟ್ಟ ಮುದುಕನೊಬ್ಬ, ಅಲ್ಲಿನ ಕಾವಲುಗಾರ, ನಮ್ಮ ಕಾಲನ್ನೂ ಮುಖವನ್ನೂ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಬಣ್ಣದ ಗಾಜಿನ ಕಿಟಕಿಗಳಿಂದ ಬಿದ್ದ ಬೆಳಕು ಯಜಮಾನರ ಬೋಳು ತಲೆಯ ಮೇಲೆ ನೀಲಿಯಾಗಿ ಕೂತಿತ್ತು. ಅವರು ಕೋಟಿನ ಮೇಲಿನಿಂದಲೇ ಎಡ ಎದೆ ಮುಟ್ಟಿ ಕೈ ಮುಗಿದರು. ಆ ಜೇಬಿನಲ್ಲಿ ಅವರ ಕನ್ನಡಕದ ಗಟ್ಟಿ ಡಬ್ಬಿ ಇತ್ತು. ಬೆರಳಿಗೆ ಸಿಕ್ಕಿದ್ದು ಅದೇ ಎಂದು ಆಮೇಲೆ ತಿಳಿಯಿತು.

ಹೊರಗೆ ಬಂದು ಬೂಟು ಹಾಕಿಕೊಂಡೆವು. ಖಾಲಿ ಚೀಲಕ್ಕೆ ತುಮಕೂರಿನವನು ತನ್ನ ಮಡಿಸುವ ಛತ್ರಿಯನ್ನೂ ಊರಿನ ನಕ್ಷೆಯನ್ನೂ ಹಾಕಿಕೊಂಡ. ಅಲ್ಲಿಂದ ಆ ಊರಿನ ಹೆಸರಿನ ಸೆಂಟು ಮಾರುವ ಅಂಗಡಿಗೆ ಹೋದೆವು. ಒಳಗೆ ನಲ್ಲಿಯಲ್ಲಿ ನೀರಿನಂತೆ ಸೆಂಟು ಹರಿಯುತ್ತಿತ್ತು. ಯಜಮಾನರು ಅಲ್ಲಿನ ಬಿಸಿಗೆ ಕೋಟಿನ ಮೇಲಿನ ಗುಂಡಿ ಸಡಿಲಿಸಿದರು, ಆದರೆ ನಲ್ಲಿಗೆ ಕೈಯೊಡ್ಡಲಿಲ್ಲ. ಆಮೇಲೆ ರೈನ್ ನದಿಯ ದಂಡೆ. ಬಣ್ಣ ಬಳಿದ ಕಿರಿದಾದ ಮನೆಗಳು, ಕಲ್ಲಿದ್ದಲು ತುಂಬಿಕೊಂಡು ನಿಧಾನಕ್ಕೆ ಹೋಗುವ ಉದ್ದನೆಯ ದೋಣಿಗಳು.

“ನೋಡ್ಲಾ ಕುಣಿಗಲ್ಲು, ನಿಮ್ಮ ಮಾರ್ಕೋನಹಳ್ಳಿ ಕೆರೆ ಇದ್ರ ಮುಂದೆ ಬಚ್ಚಲು ನೀರು,” ಎಂದರು ಯಜಮಾನರು.

“ಬಚ್ಚಲು ನೀರಾದ್ರೂ ಭತ್ತ ಬೆಳೀತೀವಿ. ಇವ್ರು ಬರೇ ದೋಣಿ ಬಿಡ್ತಾರೆ.”

“ನಿಮ್ಮ ಗುಬ್ಬೀಲಿ ಏನಿದೆ ಯಜಮಾನ್ರೇ, ತೋರ್ಸೋಕೆ?” ಎಂದ ತುಮಕೂರಿನವನು.

“ನಾನಿದೀನಲ್ಲಲೇ!”

ಆ ದಿನ ನಾವು ಮೂವರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಒಂದು ಗಂಟೆಗೆ ನದಿಯ ಹತ್ತಿರದ ಒಂದು ಹಳೆಯ ಊಟದ ಮನೆಗೆ ಹೋದೆವು. ಮರದ ಉದ್ದ ಮೇಜುಗಳು, ಒರಟು ಮಾತಿನ ಜನ. ಕೂತ ತಕ್ಷಣ ನೀಲಿ ಏಪ್ರನ್ನಿನ ಬಡಿಸುವವನು, ನಾವು ಕೇಳದಿದ್ದರೂ, ಮೂರು ಸಣ್ಣ ಗ್ಲಾಸು ಬಿಯರು ತಂದು ಕುಕ್ಕಿದ. ಬೇಡ, ನೀರು ಎಂದು ನಾನು ಕಲಿತಿದ್ದ ಜರ್ಮನ್ನಿನಲ್ಲಿ ಹೇಳಿದೆ. ಅವನು ಮುಖ ತೊಳೆಯುವಂತೆ, ಕುತ್ತಿಗೆಗೆ ಸೋಪು ಉಜ್ಜುವಂತೆ ಅಭಿನಯಿಸಿ, ಟವಲ್ಲೂ ಬೇಕೇ ಎಂದು ಕೇಳಿದ. ಪಕ್ಕದ ಮೇಜಿನವರು ನಕ್ಕರು. ಊಟ ಹೇಳುವುದಕ್ಕೇ ಕಾಲು ಗಂಟೆ ಹಿಡಿಯಿತು. ಯಜಮಾನರಿಗೆ ಮಾಂಸದ ಸೋಂಕೇ ಕೂಡದು. ತುಮಕೂರಿನವನಿಗೆ ಹಂದಿ ಕೂಡದು, ಹಂದಿಯ ಕೊಬ್ಬೂ ಕೂಡದು. ಕೊನೆಗೆ ಆಲೂಗೆಡ್ಡೆ ತುರಿದು ಎಣ್ಣೆಯಲ್ಲಿ ಬೇಯಿಸಿದ ರೊಟ್ಟಿ, ಜೊತೆಗೆ ಸೇಬಿನ ಗೊಜ್ಜು ಎಂದು ತೀರ್ಮಾನವಾಯಿತು. ಪಕ್ಕದ ಮೇಜಿನ ಕಾಫಿ ಬಟ್ಟಲಿನ ಬಳಿ ಕಾಗದ ಸುತ್ತಿದ ಸಕ್ಕರೆ ತುಂಡುಗಳಿದ್ದವು. ಊಟ ತಡವಾಗುತ್ತಿದೆಯಲ್ಲ ಎಂದು ನಾಲ್ಕನ್ನು ಕೇಳಿ ಪಡೆದು ಜೇಬಿಗೆ ಹಾಕಿಕೊಂಡೆ.

ತಟ್ಟೆಗಳು ಬಂದವು. ಹೊಗೆಯಾಡುತ್ತಿದ್ದವು. ಯಜಮಾನರು ಕೋಟಿನ ಗುಂಡಿ ಬಿಚ್ಚಿ, ಎಡ ಎದೆಗೆ ಕೈಯಿಟ್ಟರು.

ಕೈ ಅಲ್ಲೇ ನಿಂತಿತು. ಆಮೇಲೆ ಅಂಗಿಯ ಮೇಲೆ ಕೆಳಕ್ಕೆ ಹೋಯಿತು, ಕಂಕುಳಿಗೆ ಹೋಯಿತು, ಕೊರಳಿಗೆ ಬಂತು. ಎರಡು ಕೈಯಿಂದಲೂ ಕೊರಳು ಸವರಿಕೊಂಡರು. ಎದ್ದು ನಿಂತು ಕೋಟು ಕಳಚಿ ಒದರಿದರು. ಕನ್ನಡಕದ ಡಬ್ಬಿ ನೆಲಕ್ಕೆ ಬಿತ್ತು.

“ಲಿಂಗ ಇಲ್ಲ,” ಎಂದರು.

ದನಿ ಬಹಳ ಮೆತ್ತಗಿತ್ತು. ಪಕ್ಕದವರು ತಿರುಗಿಯೂ ನೋಡಲಿಲ್ಲ. ನಾವಿಬ್ಬರೂ ಮೇಜಿನ ಕೆಳಗೆ ತೂರಿ ಹುಡುಕಿದೆವು. ಬಡಿಸುವವನು ಬ್ಯಾಟರಿ ತಂದು ಬೆಳಕು ಬಿಟ್ಟ. ಅಲ್ಲಿರಲಿಲ್ಲ.

“ಯಜಮಾನ್ರೇ, ಒಂದ್ ತುತ್ತು ತಿನ್ಬುಡಿ. ತಿಂದು ಹುಡ್ಕೋಣ,” ಎಂದೆ.

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ದುಡ್ಡು ಕೊಟ್ಟು ಹೊರಟೆವು. ಮೂರು ತಟ್ಟೆಗಳೂ ಹಾಗೇ ಇದ್ದವು.

ಬಂದ ದಾರಿಯಲ್ಲೇ ನೆಲ ನೋಡುತ್ತ ಹಿಂದಕ್ಕೆ ನಡೆದೆವು. ಯಜಮಾನರು ಮುಂದೆ, ನಾವು ಎರಡು ಪಕ್ಕ. ನದಿಯ ದಂಡೆಯ ಬೆಂಚು, ಕಸದ ಡಬ್ಬಿಯ ಸುತ್ತ, ಟ್ರಾಮ್ ಕಂಬಿಯ ಸಂದು. ಸೆಂಟಿನ ಅಂಗಡಿಗೆ ಬಂದಾಗ ಅದು ಮುಚ್ಚಿತ್ತು. ಆ ದೇಶದಲ್ಲಿ ಶನಿವಾರ ಎರಡಕ್ಕೇ ಬಾಗಿಲು ಹಾಕುತ್ತಾರೆ, ಮತ್ತೆ ತೆರೆಯುವುದು ಸೋಮವಾರ. ಮೂವರೂ ಗಾಜಿಗೆ ಹಣೆ ಹಚ್ಚಿ ಒಳಗಿನ ನೆಲ ನೋಡಿದೆವು. ಅಲ್ಲೇ ಗುಂಡಿ ಬಿಚ್ಚಿದ್ದೆ, ಅಲ್ಲೇ ಬಿದ್ದಿದೆ ಎಂದು ಅವರು ಹೇಳತೊಡಗಿದರು.

“ಸೋಮ್ವಾರದ ತನ್ಕ ಏನ್ಮಾಡ್ತೀರ ಯಜಮಾನ್ರೇ?” ಎಂದ ತುಮಕೂರಿನವನು.

“ಏನ್ಮಾಡೋದೈತೆ? ಹಿಂಗೇ ಇರ್ತೀನಿ.”

“ಇಂಜೆಕ್ಷನ್ ಒಳಗೈತೆ,” ಎಂದೆ. “ಸಕ್ರೆ ಐತೆ ನನ್ನತ್ರ. ಬಾಯಿಗಾಕ್ಕೊಳಿ. ಊಟ ಅಲ್ಲ ಅದು, ಔಷ್ದಿ.”

“ಔಷ್ದೀನೂ ಲಿಂಗಕ್ಕೆ ತೋರ್ಸಿ ತಗೋಬೇಕು. ಎಲ್ಲಿ ತೋರ್ಸ್ಲಿ? ಈ ಗಾಜಿಗೆ ತೋರ್ಸ್ಲಾ?” ಎಂದರು. ಹಣೆಯನ್ನು ಗಾಜಿನಿಂದ ತೆಗೆದು, “ಲಿಂಗ ಕಳ್ಕಂಡೋನು ಉಳೀಬಾರ್ದು ಅನ್ನೋನು ನಮ್ಮಪ್ಪ,” ಎಂದರು.

ಊರಿನಲ್ಲಾದರೆ ಮಠಕ್ಕೆ ಓಡಿಹೋಗಿ ಗುರುಗಳ ಕೈಯಿಂದ ಇನ್ನೊಂದು ಕಟ್ಟಿಸಿಕೊಂಡು ಬರಬಹುದಿತ್ತು. ಅಲ್ಲಿ ಮಠವೆಲ್ಲಿ? ನಾನು ಲಿಂಗ ಕಟ್ಟುವ ಜನದವನಲ್ಲ. ಆದರೂ ಅವರು ಹೇಳಿದ್ದು ಬರಿಯ ಮಾತಲ್ಲ ಎಂಬುದು ನನಗೆ ಗೊತ್ತಿತ್ತು. ಒಂದು ನಟ್ಟನ್ನು ಇಷ್ಟೇ ಬಿಗಿಯಬೇಕು ಎಂದರೆ ಅಷ್ಟೇ ಬಿಗಿಯುವ ಮನುಷ್ಯ ಅವರು.

ಮತ್ತೆ ಚರ್ಚಿಗೆ ಹೋದೆವು. ಈ ಸಲ ಬೂಟು ಬಿಡಲು ಅವರಿಂದ ಬಾಗಲಾಗಲಿಲ್ಲ. ಬಾಗಿಲಲ್ಲೇ ನಿಂತು, ಒಳಗೆ ಹೋಗಿ ನೋಡಿ ಎಂದು ನಮಗೆ ಸನ್ನೆ ಮಾಡಿದರು. ನಾನು ಕಾಲುಚೀಲದಲ್ಲೇ ಹೋಗಿ ನಾವು ನಿಂತಿದ್ದ ಜಾಗದ ಬೆಂಚುಗಳ ಕೆಳಗೆಲ್ಲ ತಡವಿದೆ. ಕೆಂಪು ನಿಲುವಂಗಿಯ ಮುದುಕನಿಗೆ ಕೈಸನ್ನೆಯಲ್ಲಿ ಹೇಳಿದೆ. ಅವನು ಒಳಕೋಣೆಯಿಂದ, ಜನ ಬಿಟ್ಟುಹೋದ ಸಾಮಾನಿನ ಒಂದು ಮರದ ಡ್ರಾಯರನ್ನೇ ಕಿತ್ತು ಬಾಗಿಲಿಗೆ ತಂದು ಯಜಮಾನರ ಮುಂದೆ ಹಿಡಿದ. ಒಂಟಿ ಕೈಗವಸುಗಳು, ಕನ್ನಡಕಗಳು, ಬೀಗದ ಕೈಗಳು, ಹತ್ತಾರು ಜಪಮಾಲೆಗಳು.

ಯಜಮಾನರು ಆ ಜಪಮಾಲೆಗಳನ್ನು ಬಹಳ ಹೊತ್ತು ನೋಡಿದರು. “ಇವ್ರೂ ಕಳ್ಕತಾರೆ,” ಎಂದರು. ಆಗ ನಾನು ಅವರ ಮೇಲ್ದುಟಿಯನ್ನು ನೋಡಿದೆ. ಬೆವರಿತ್ತು. ಆ ಚಳಿಯಲ್ಲಿ.

ಮೆಟ್ಟಿಲ ಕಡೆಗೆ ನಡೆಯುವಾಗ ಅವರ ಕಾಲು ಓರೆಯಾಗುತ್ತಿತ್ತು. ಅರ್ಧ ಇಳಿದು ಕೂತುಬಿಟ್ಟರು. ಕೋಟಿನ ಗುಂಡಿ ಹಾಕಲು ಹೋಗಿ ತಪ್ಪು ತೂತಿಗೆ ಹಾಕಿ, ಬಿಚ್ಚಿ, ಮತ್ತೆ ತಪ್ಪಿಗೇ ಹಾಕಿದರು. ತುಮಕೂರಿನವನು ಸಹಾಯಕ್ಕೆ ಕೈ ಚಾಚಿದ.

“ಮುಟ್ಬ್ಯಾಡ್ಲೇ! ಯಾವನ್ಲಾ ನಿನ್ನ ಕರ್ದೋನು?” ಎಂದು ಕಿರುಚಿದರು. ಆ ದನಿ ಅವರದಲ್ಲ. ಕಾರ್ಖಾನೆಯಲ್ಲಿ ಬೀಳುವ ಮುಂಚೆ ಬಂದಿದ್ದ ದನಿ ಅದು.

ತುಮಕೂರಿನವನು ನನ್ನನ್ನು ಪಕ್ಕಕ್ಕೆ ಎಳೆದ. “ನೀನು ಕೈ ಹಿಡ್ಕೋ. ನಾನು ಬಾಯಿಗೆ ಹಾಕ್ತೀನಿ. ಆಮೇಲೆ ಬೈದ್ರೆ ಬೈಲಿ.”

“ಉಗುಳಿದ್ರೆ?”

“ಇನ್ನೊಂದು ಹಾಕೋಣ.”

“ಬಲವಂತಕ್ಕೆ ತಿಂದು ಬದುಕಿದ್ರೂ ನಾಳೆ ತಿನ್ನಲ್ಲ ಕಣೋ ಅವ್ರು.”

“ನಾಳೆ ಮಾತು ನಾಳೆಗೆ. ಈಗ ಪ್ರಾಣ ಹೋಗ್ತಿದೆ, ಕಾಣ್ತಿಲ್ವಾ ನಿಂಗೆ?”

ಅವನು ಹೇಳುವುದು ಸರಿ ಎಂದು ಗೊತ್ತಿತ್ತು. ‘ಮೂಗು ಹಿಡಿದು ತಿನ್ಸು’ ಎಂದ ಹೆಂಗಸಿನ ಮಾತೂ ಕಿವಿಯಲ್ಲಿತ್ತು. ಜೇಬಿನಿಂದ ಒಂದು ಸಕ್ಕರೆ ತುಂಡು ತೆಗೆದು ಕಾಗದ ಬಿಡಿಸಿದೆ. ಆಗ ಹನಿ ಬೀಳತೊಡಗಿತು. ಯಜಮಾನರ ತಲೆ ನೆನೆಯುವುದು ಬೇಡವೆಂದು ತುಮಕೂರಿನವನು, ಮತ್ತೆ ಅವರ ಮುಂದೆ ಬಂದು ನಿಂತು, ಹೆಗಲ ಚೀಲಕ್ಕೆ ಕೈ ಹಾಕಿ ಛತ್ರಿ ಎಳೆದ.

ನಾನು ಮೊದಲು ಹೇಳಿದ ಜಾಗದಲ್ಲಿ ನಿಂತಿದ್ದುದು ಈ ಹೊತ್ತಿನಲ್ಲಿ.

ಛತ್ರಿ ಅರ್ಧ ಹೊರಗೆ ಬಂತು. ಅದರ ಒಂದು ಕಡ್ಡಿಯ ತುದಿಗೆ ಬಿಳಿಯ ನೈಲಾನ್ ದಾರ ಸಿಕ್ಕಿಕೊಂಡು ಬಂತು. ದಾರ ಹರಿದಿರಲಿಲ್ಲ. ಗಂಟು ಜಾರಿ ಬಿಚ್ಚಿಕೊಂಡಿತ್ತು, ಎರಡು ತುದಿಯೂ ನುಣ್ಣಗೆ, ಬೆಳಗ್ಗೆ ಕಟ್ಟುವಾಗ ಇದ್ದಂತೆಯೇ ಇದ್ದವು. ತುಮಕೂರಿನವನ ಕೈ ನಿಂತುಹೋಯಿತು. ಅವನು ಮುಂದಕ್ಕೆ ಎಳೆಯಲಿಲ್ಲ. ಮುಖದ ಬಣ್ಣ ಇಳಿದದ್ದನ್ನು ನೋಡಿದೆ. ಅವನು ಮೆಲ್ಲನೆ ಚೀಲವನ್ನು ಹೆಗಲಿನಿಂದ ಇಳಿಸಿ, ಯಜಮಾನರ ಕಾಲ ಬಳಿ ಮೆಟ್ಟಿಲ ಮೇಲಿಟ್ಟು, ಮಂಡಿಯೂರಿ, ಎರಡು ಕೈಯಿಂದ ಅದರ ಬಾಯಿಯನ್ನು ಅಗಲಿಸಿ ಹಿಡಿದ.

“ಯಜಮಾನ್ರೇ, ನೋಡಿ. ನಾನು ಮುಟ್ಟಿಲ್ಲ.”

ನಾನು ಒಂದು ಮೆಟ್ಟಿಲು ಮೇಲೆ ಹೋಗಿ ಇಣುಕಿದೆ. ಚೀಲದ ತಳದ ಮೂಲೆಯಲ್ಲಿ, ನಕ್ಷೆಯ ಕೆಳಗೆ, ಕರಡಿಗೆ ಇತ್ತು. ವರ್ಷಗಟ್ಟಲೆ ಚಪ್ಪಲಿಗಳಿಂದ ಉದುರಿದ ಗುಬ್ಬಿಯ ಕೆಂಪು ಮಣ್ಣು ಹೊಲಿಗೆಯ ಸಂದಿನಲ್ಲಿ ನಿಂತು, ಬೆಳ್ಳಿಗೂ ಮೆತ್ತಿಕೊಂಡಿತ್ತು. ಬೆಳಗ್ಗೆ ಅವರು ಬಾಗಿ ಬೂಟು ಜೋಡಿಸುವಾಗಲೇ ಜಾರಿ ಒಳಗೆ ಬಿದ್ದಿರಬೇಕು. ಬೂಟುಗಳ ಅಡಿಯಲ್ಲಿತ್ತು, ಬೂಟು ತೆಗೆದ ಮೇಲೆ ಛತ್ರಿಯ ಅಡಿಯಲ್ಲಿತ್ತು. ನಾವು ಊರೆಲ್ಲ ಹುಡುಕುತ್ತಿದ್ದಾಗ ಅದು ನಮ್ಮ ಜೊತೆಯಲ್ಲೇ ನಡೆದು ಬಂದಿತ್ತು, ಚಪ್ಪಲಿ ಚೀಲದಲ್ಲಿ.

ಯಜಮಾನರು ನೋಡಿದರು. ಏನು ಯೋಚಿಸಿದರೋ ನಾನು ಹೇಳಲಾರೆ. ಕೈ ಚಾಚಿದರು. ಕೈ ನಡುಗಿ ಚೀಲದ ಅಂಚಿಗೆ ತಾಗಿತು. ಇನ್ನೊಮ್ಮೆ ಚಾಚಿದರು. ಬೆರಳು ಹಿಡಿತಕ್ಕೆ ಬರಲಿಲ್ಲ. ಗಲ್ಲದಿಂದ ಬೆವರು ತೊಟ್ಟಿಕ್ಕಿತು.

“ತೆಕ್ಕೊಡು,” ಎಂದರು. ನಾಲಗೆ ದಪ್ಪವಾಗಿತ್ತು.

“ಕುಣಿಗಲ್ಲು, ಬಾ,” ಎಂದ ತುಮಕೂರಿನವನು.

“ಅವ್ನಲ್ಲ. ನೀನು.”

“ಯಜಮಾನ್ರೇ, ನಾನು ಹೆಂಗೆ... ನಾಳೆ ನಿಮ್ಗೇ ಬೇಜಾರಾಗುತ್ತೆ. ನಿಮ್ಮೋರು ಏನಂತಾರೆ?”

“ದಿನಾ ಬೆಳಗ್ಗೆ ಕತ್ಲಲ್ಲಿ ಎದ್ದು... ತಣ್ಣೀರಲ್ಲಿ ಕೈಕಾಲು ತೊಳ್ದು ನಮಾಜಿಗೆ ನಿಲ್ತೀಯ. ಆ ಕುದ್ರೆ ಸ್ನಾನ ಮಾಡಿ ಎಷ್ಟು ದಿನಾಯ್ತೋ... ತೆಕ್ಕೊಡ್ಲಾ ಬೇಗ.”

ತುಮಕೂರಿನವನು ನನ್ನ ಕಡೆ ಎರಡೂ ಕೈ ಒಡ್ಡಿದ. ನಾನು ಫ್ಲಾಸ್ಕಿನ ನೀರು ಸುರಿದೆ. ಬಿಸಿಯಿತ್ತು. ಅವನು ಕೈ ಹಿಂದಕ್ಕೆಳೆಯಲಿಲ್ಲ, ಮಣಿಕಟ್ಟಿನವರೆಗೆ ತೊಳೆದುಕೊಂಡ. ಒಗೆದ ಕರವಸ್ತ್ರ ತೆಗೆದು ಅದರಲ್ಲಿ ಹಿಡಿಯಲು ಹೋದಾಗ ಯಜಮಾನರು ತಲೆಯಾಡಿಸಿದರು. “ಬಟ್ಟೆ ಬ್ಯಾಡ.” ಅವನು ಬರಿಗೈಯಲ್ಲಿ ಕರಡಿಗೆಯನ್ನು ಎತ್ತಿ, ಮಣ್ಣು ಊದಿ, ಅವರ ಎಡ ಅಂಗೈ ಮೇಲಿಟ್ಟ. ಆ ಅಂಗೈ ಎಷ್ಟು ನಡುಗುತ್ತಿತ್ತೆಂದರೆ ಕರಡಿಗೆ ಮತ್ತೆ ಬೀಳುವುದರಲ್ಲಿತ್ತು. ಅವನು ತನ್ನ ಅಂಗೈಯನ್ನು ಅವರ ಅಂಗೈ ಕೆಳಗೆ ಕೊಟ್ಟು ಹಿಡಿದ. ಮುಚ್ಚಳ ತೆಗೆಯಲು ಅವರು ತಮ್ಮ ಬಲಗೈಯಲ್ಲಿ ಮೂರು ಸಲ ಪ್ರಯತ್ನಿಸಿದರು. ಮೂರನೆಯ ಸಲಕ್ಕೆ ಬಂತು. ನಾನು ನೀರು ಬಿಟ್ಟೆ, ಒಂದೇ ತೊಟ್ಟು. ಅವರು ಜೇಬಿನ ವಿಭೂತಿಯನ್ನು ಬೆರಳಿಗೆ ತೆಗೆದುಕೊಂಡು ಹಚ್ಚಿ, ಕಣ್ಣು ಮುಚ್ಚಿದರು.

ಸಕ್ಕರೆ ತುಂಡು ನನ್ನ ಬೆರಳ ಸಂದಿನಲ್ಲಿ ಮಳೆಗೆ ಕರಗುತ್ತಿತ್ತು. ಕೆಳಗೆ ಸ್ಟೇಷನ್ನಿನಲ್ಲಿ ಯಾವುದೋ ರೈಲಿನ ಹೆಸರು ಕೂಗುತ್ತಿದ್ದರು. ಯಜಮಾನರು ಕಣ್ಣು ತೆರೆದು ನನ್ನ ಕೈ ನೋಡಿ ಬಾಯಿ ತೆರೆದರು. ನಾನು ಬಾಯಿಗೆ ಹಾಕಲು ಹೋದರೆ ತಲೆ ಹಿಂದೆಳೆದರು. ಆಮೇಲೆ ನನಗೆ ಹೊಳೆಯಿತು. ಸಕ್ಕರೆಯನ್ನು ಮೊದಲು ಅವರ ಅಂಗೈಯ ಲಿಂಗದ ಮುಂದೆ ಹಿಡಿದೆ. ಅವರು ನೋಡಿದರು. ಆಮೇಲೆ ಬಾಯಿಗೆ ಹಾಕಿದೆ. ನಾಲ್ಕು ತುಂಡನ್ನೂ ಹಾಗೆಯೇ, ಒಂದೊಂದಾಗಿ. ತುಮಕೂರಿನವನ ಅಂಗೈ ಅಷ್ಟು ಹೊತ್ತೂ ಕೆಳಗಿತ್ತು.

ಮೆಟ್ಟಿಲ ಮೇಲ್ತುದಿಯಲ್ಲಿ ಆ ಕೆಂಪು ನಿಲುವಂಗಿಯ ಮುದುಕ ನಿಂತು ನೋಡುತ್ತಿದ್ದ. ನಾವು ತಲೆಯೆತ್ತಿದಾಗ ಅವನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಬೆವರು ಆರಿತು. ಯಜಮಾನರು ಕೋಟಿನ ಗುಂಡಿಯನ್ನು ತಾವೇ ಬಿಚ್ಚಿ ಸರಿಯಾದ ತೂತಿಗೆ ಹಾಕಿಕೊಂಡರು. ನೈಲಾನ್ ದಾರವನ್ನು ಸುತ್ತಿ ಕಸದ ಡಬ್ಬಿಗೆ ಎಸೆದು, ಕರಡಿಗೆಯನ್ನು ತುಮಕೂರಿನವನ ಆ ಕರವಸ್ತ್ರದಲ್ಲೇ ಕಟ್ಟಿ ಕೊರಳಿಗೆ ಬಿಗಿದುಕೊಂಡರು.

“ಹತ್ತಿ ಗಂಟು ಕಚ್ಕಂಡು ಕೂರ್ತದೆ. ಇದು ಜಾರ್ತದೆ. ಮೂವತ್ತು ವರ್ಷ ಮೆಷಿನ್ ಮಾಡಿ ನಂಗೆ ಗೊತ್ತಾಗ್ಲಿಲ್ಲ ನೋಡು,” ಎಂದರು. ಆಮೇಲೆ, “ಆಗ ಏನೋ ಬೈದ್ನಲ್ಲ, ಯಾರಿಗೆ?”

“ಕುಣಿಗಲ್‌ಗೆ,” ಎಂದ ತುಮಕೂರಿನವನು.

ಸ್ಟೇಷನ್ನಿನ ಮುಂದೆ ಗಾಡಿಯವನೊಬ್ಬ ಅದೇ ಆಲೂಗೆಡ್ಡೆ ರೊಟ್ಟಿ ಬೇಯಿಸುತ್ತಿದ್ದ. ತುಮಕೂರಿನವನು ಹೋಗಿ ಎಣ್ಣೆಯ ಡಬ್ಬಿಯನ್ನೇ ತೋರಿಸು ಎಂದು ಹಟ ಹಿಡಿದು, ಅದರ ಮೇಲಿದ್ದ ಸೂರ್ಯಕಾಂತಿಯ ಚಿತ್ರ ನೋಡಿ ಬಂದ. ನಿಂತುಕೊಂಡೇ ಮೂವರೂ ತಿಂದೆವು. ಯಜಮಾನರು ಐದು ತಿಂದರು. ಆರನೆಯದನ್ನು ನೋಡುತ್ತಿದ್ದಾಗ ರೈಲಿನ ಹೊತ್ತಾಯಿತು.

ಊರಿಗೆ ಬಂದ ಮರುದಿನವೇ ಅವರು ಮಠಕ್ಕೆ ಹೋಗಿ ಎಲ್ಲವನ್ನೂ ಹೇಳಿಕೊಂಡರಂತೆ. ಲಿಂಗ ಬದಲಿಸುವುದು ಬೇಡ, ದಾರ ಬದಲಿಸಿದ್ದೀಯಲ್ಲ ಸಾಕು ಎಂದರಂತೆ ಗುರುಗಳು. ಮನೆಯಲ್ಲಿ, ಬೀದಿಯಲ್ಲಿ, ಕೇಳಿದವರಿಗೆಲ್ಲ ಅವರು ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದರು: “ಚಪ್ಲಿ ಚೀಲ್ದಾಗಿತ್ತು. ತೆಕ್ಕೊಟ್ಟೋನು ತುಮ್ಕೂರೋನು.” ಕೆಲವರಿಗೆ ಇದು ಹಿಡಿಸಲಿಲ್ಲ. ಕಣ್ಣು ಮುಚ್ಚಿ ಕೂತಾಗ ಲಿಂಗ ತಾನಾಗಿ ಅಂಗೈಗೆ ಬಂತು ಎಂದು ಅವರೇ ತಿದ್ದಿಕೊಂಡರು. ಅದು ಮೊದಲನೆಯ ಕಥೆ.

ಎಂಬತ್ತರ ದಶಕದ ಕೊನೆಯಲ್ಲಿ ಯಜಮಾನರು ತೀರಿಕೊಂಡರು. ಗುಬ್ಬಿಯಲ್ಲಿ ಅವರ ಶಿವಗಣಾರಾಧನೆಯ ಊಟಕ್ಕೆ ತುಮಕೂರಿನವನೂ ನಾನೂ ಹೋಗಿದ್ದೆವು. ಪಂಕ್ತಿಯಲ್ಲಿ ಕೂತಾಗ ಎದುರಿನ ಸಾಲಿನ ಒಬ್ಬರು, ಬೆಳ್ಳಾವಿ ಕಡೆಯ ನೆಂಟರು, ಪಕ್ಕದವರಿಗೆ ಹೇಳಿದರು: “ಆ ಸಾಬಿ ತಮಾಸೆಗೆ ಎತ್ತಿಟ್ಕಂಡಿದ್ದನಂತೆ. ಇಲ್ದಿದ್ರೆ ಅವ್ನ ಹೆಗಲ ಚೀಲಕ್ಕೆ ಹೆಂಗೆ ಹೋಯ್ತದೆ?” ಅದು ಎರಡನೆಯ ಕಥೆ. ನಾನು ಕೇಳಿದೆ. ನನ್ನ ಪಕ್ಕದಲ್ಲಿದ್ದವನ ಕಿವಿಗೂ ಅದು ಬಿತ್ತು. ಅವನು ತಲೆಯೆತ್ತದೆ ಎಲೆಯ ಮೇಲಿನದನ್ನು ಪೂರ್ತಿ ಉಂಡು ಎದ್ದ. ಬಡಿಸುತ್ತಿದ್ದ ಯಜಮಾನರ ಹೆಂಡತಿಯ ತಮ್ಮನಿಗೆ ಪಾಯಸ ಚೆನ್ನಾಗಿತ್ತು ಎಂದ. ಹೊರಗೆ ಬಂದು ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ನನಗಿಂತ ಮುಂದೆ ನಡೆದ.

“ನೀನಾದ್ರೂ ಹೇಳ್ಬಾರ್ದಾ?” ಎಂದ ಬಸ್‌ಸ್ಟಾಂಡಿನಲ್ಲಿ.

ಈಗ ಹೇಳಿದ್ದೇನೆ. ಅಂದು ಆ ಮೆಟ್ಟಿಲ ಮೇಲೆ ಕಂಡವರು ನಾಲ್ವರು. ಯಜಮಾನರು ಇಲ್ಲ. ಕೆಂಪು ನಿಲುವಂಗಿಯ ಮುದುಕನಿಗೆ ಆಗಲೇ ಎಪ್ಪತ್ತಿರಬೇಕು, ಅವನು ಇದ್ದಾನೋ ಇಲ್ಲವೋ ನನಗೆ ತಿಳಿಯದು. ನಾನಿದ್ದೇನೆ. ಕರಡಿಗೆಯನ್ನು ಎತ್ತಿಕೊಟ್ಟವನು ತುಮಕೂರಿನ ಉಪ್ಪಾರಹಳ್ಳಿಯಲ್ಲಿದ್ದಾನೆ, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಾನೆ. ಕಣ್ಣಾರೆ ಕಾಣದಿದ್ದರೂ ಗಂಡನ ಬಾಯಿಂದಲೇ ಕೇಳಿದ ಹೆಂಗಸು ಗುಬ್ಬಿಯ ಅದೇ ಮನೆಯಲ್ಲಿದ್ದಾರೆ. ಹಸಿರು ಚೀಲವೂ ಅವರ ಹತ್ತಿರವೇ ಇದೆ, ಈಗ ಅದರಲ್ಲಿ ಚಪ್ಪಲಿ ಹಾಕುವುದಿಲ್ಲ.